ಚಂದ್ರಭಾಗಾಬಾಯಿ ಹಾಡಿದ್ದು ಹೌದೋ ಅಲ್ಲವೋ

ಉದಗೀರ
18 ನವೆಂಬರ್ 2025

ಗುರುಶಾಂತ ಅವರಿಗೆ ಸುಗಂಧಾಳ ಶರಣು.

ಫೋನ್ ಬಿಟ್ಟು ಅಂಚೆ ಹಿಡಿದಿದ್ದಾಳಲ್ಲ ಈಕೆ ಎಂದು ನಿಮಗೆ ನಗು ಬರಬಹುದು. ನನಗೆ ನಗು ಬರುತ್ತಿಲ್ಲ. ಫೋನಿನಲ್ಲಿ ಆಡಿದ ಮಾತನ್ನು ಯಾರು ಬೇಕಾದರೂ ಹಿಡಿದಿಡುತ್ತಾರೆ, ಬರೆದ ಮೆಸೇಜು ಚಹಾ ಕುಡಿದು ಮುಗಿಸುವುದರೊಳಗೆ ಪರರ ಫೋನಿನಲ್ಲಿರುತ್ತದೆ. ಕಾಲೇಜಿನ ಮೇಲ್ ಅಂತೂ ಎಲ್ಲರಿಗೂ ತೆರೆದ ಬಾಗಿಲು. ಆದ್ದರಿಂದ ನೀವೂ ಕಾಗದದ ಮೇಲೇ ಉತ್ತರಿಸಬೇಕು, ನಿಮ್ಮ ಕೈಬರಹದಲ್ಲಿ, ಕೆಳಗೆ ಸಹಿ ಹಾಕಿ. ದಯವಿಟ್ಟು ಫೋನ್ ಹಚ್ಚಬೇಡಿ.

ಡಿಸೆಂಬರ್ 13ರ ನನ್ನ ಭಾಷಣದ ವಿಷಯ ನಿಮಗೆ ಗೊತ್ತಿದೆ. ಹಂಗೇರಿಯದೊಂದು, ನೇಪಾಳದ್ದೊಂದು, ನಮ್ಮ ಕಡೆಯದೊಂದು, ಹೀಗೆ ಮೂರು ವಿಶ್ವವಿದ್ಯಾಲಯಗಳು ಸೇರಿ ಡಿಸೆಂಬರಿನ ಶನಿವಾರಗಳಂದು ನಡೆಸುವ ಆನ್‌ಲೈನ್ ಸಮ್ಮೇಳನ. ನಮ್ಮ ಕನ್ನಡ-ಮರಾಠಿ ಗಡಿಯ ಹೆಂಗಸರು ಬೀಸುವಾಗ ಒಂದು ಸಾಲು ಕನ್ನಡದಲ್ಲಿ, ಮುಂದಿನ ಸಾಲು ಮರಾಠಿಯಲ್ಲಿ ಹಾಡುವ ಪದಗಳ ಮೇಲೆ ನಾನು ಮಾತಾಡುವುದು. ಇಡೀ ಭಾಷಣ ನಿಂತಿರುವುದು ಹೋದ ವರ್ಷ ನಿಮ್ಮ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡ ಪದದ ಮೇಲೆ:

ತವರಿನ ದಾರ್ಯಾಗ ಯಾರ ಬಿತ್ಯಾರ ಎಳ್ಳ
ಪಾಯೀ ಚಾಲತಾ ಚಾಲತಾ ಪದರಾತ ಫೂಲ

ತವರಿನ ದಾರಿಯಲ್ಲಿ ಎಳ್ಳು ಬಿತ್ತಿದವರು ಯಾರು ಎಂದು ಕನ್ನಡದಲ್ಲಿ ಕೇಳಿ, ನಡೆನಡೆಯುತ್ತ ಸೆರಗಿನ ತುಂಬ ಹೂ ಎಂದು ಮರಾಠಿಯಲ್ಲಿ ಮುಗಿಸುವ ಇಂಥ ಪದ ನನಗೆ ಬೇರೆ ಯಾರ ಬಾಯಲ್ಲೂ ಸಿಕ್ಕಿಲ್ಲ.

ಹೋದ ವಾರ ಸಮ್ಮೇಳನದ ಸಂಯೋಜಕಿ ಸಪನಾ ಅವರಿಂದ ಮೇಲ್ ಬಂತು. ಈ ಪದದ ವಿಷಯದಲ್ಲಿ ಸುಳ್ಳು ಮಾಹಿತಿ ಕೊಟ್ಟಂತೆ ಕಾಣುತ್ತದೆ, ಡಿಸೆಂಬರ್ 8ರೊಳಗೆ ವಿವರಣೆ ಬಾರದಿದ್ದರೆ ಭಾಷಣ ರದ್ದು, ನಿಮ್ಮ ಕಾಲೇಜಿಗೂ ತಿಳಿಸುತ್ತೇವೆ ಎಂದು. ಹೇಳಿದವರು ಯಾರು ಎಂದು ಕೇಳಿದೆ. ಹೆಸರು ಕೊಡಲಾಗದು ಎಂದರು.

ನಾನಿಲ್ಲಿ ತಾಸಿನ ಲೆಕ್ಕದ ಅಧ್ಯಾಪಕಿ. ಡಿಸೆಂಬರ್ 29ಕ್ಕೆ ಕಾಯಂ ಹುದ್ದೆಯ ಸಂದರ್ಶನ. ಇರುವುದು ಒಂದೇ ಹುದ್ದೆ, ನನ್ನ ಜೊತೆಯ ನೀಲೇಶನೂ ಅದಕ್ಕೇ ಕಣ್ಣಿಟ್ಟಿದ್ದಾನೆ. 'ಹಾಡು ಹುಟ್ಟಿಸಿದವಳು' ಎಂಬ ಹೆಸರು ಒಮ್ಮೆ ಬಂತೆಂದರೆ ನನ್ನ ಕಥೆ ಮುಗಿಯಿತು. ಮೊದಲು ಅನುಮಾನ ಬಂದದ್ದು ನೀಲೇಶನ ಮೇಲೆಯೇ. ಆದರೆ ಉಮರಗಾದ ನಿಮ್ಮ ಮನೆಯ ಒಳಗಿನ ಸಂಗತಿ ಅವನಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ಕಡೆಯಿಂದಲೇ ಯಾರೋ ಹೇಳಿದ್ದಾರೆ.

ಏನು ಹೇಳಿದ್ದಾರೆ ಎಂಬುದನ್ನು ಈಗ ಬರೆಯುವುದಿಲ್ಲ. ಮೊದಲು ನಿಮ್ಮಿಂದ ಕೇಳಬೇಕು. ಅಂದು ಬೀಸುಕಲ್ಲಿನ ಮುಂದೆ ಕೂತು ಹಾಡಿದವರು ಯಾರು? ನಿಮಗೆ ಏನಾಗಬೇಕು? ಇಷ್ಟು ಬರೆದು ಕಳಿಸಿ.

ಸುಗಂಧಾ


ಉಮರಗಾ
23 ನವೆಂಬರ್ 2025

ಸುಗಂಧಕ್ಕನವರಿಗೆ ಗುರುಶಾಂತನ ಶರಣು ಶರಣಾರ್ಥಿ.

ನಿಮ್ಮ ಪತ್ರ ಓದಿ ಒಂದು ಕ್ಷಣ ನಾನೇ ಯಾರದೋ ಮನೆಗೆ ಕನ್ನ ಹಾಕಿದೆನೇನೋ ಅನ್ನಿಸಿತು. ಸಹಿ ಬೇಕು, ಕೈಬರಹ ಬೇಕು. ಹೆಬ್ಬೆಟ್ಟು ಒಂದು ಕೇಳಲಿಲ್ಲ, ದೊಡ್ಡ ಉಪಕಾರ.

ಹಾಡಿದವಳು ನಮ್ಮ ಆಯಿ, ಚಂದ್ರಭಾಗಾಬಾಯಿ. ಬೇರೆ ಯಾರು ಹಾಡಬೇಕು? ಎಳ್ಳಮಾವಾಸ್ಯೆಯ ಮಾರನೆಯ ದಿನ ನೀವು ಬಂದಿರಿ. ಹೊಲದಿಂದ ಉಳಿದು ಬಂದ ಭಜ್ಜಿ, ಅಂಬಲಿ ಉಂಡಿರಿ. 'ಇವಳು ನಮ್ಮ ಆಯಿ' ಎಂದು ನಾನೇ ತೋರಿಸಿದೆ. 'ಮುಂಜಾನಿಂದ ಗಂಟಲಾ ಕಟ್ಟ್ಯಾದ ಯವ್ವಾ, ಈಗ ಹ್ಯಾಂಗ ಹಾಡ್ಲಿ' ಎಂದು ಗೊಣಗುತ್ತಲೇ ಅವಳು ಹಾಡಿದಳು, ನೀವೇ ಅವಳ ಬಾಯಿಯ ಹತ್ತಿರ ಮೈಕು ಹಿಡಿದಿರಿ. ಈಗ ಯಾರು ಎಂದು ನನ್ನನ್ನು ಕೇಳುತ್ತೀರಿ.

ಆ ಸಪನಾ ಎಂಬವರು ಯಾರೋ ನನಗೆ ಸರಿಯಾಗಿ ಗೊತ್ತಿಲ್ಲ. ನಮ್ಮ ಕಡೆಯಿಂದ ಯಾರು ಚಾಡಿ ಹೇಳಿದರೋ ಅದೂ ತಿಳಿಯದು. ಆದರೆ ಅನುಮಾನದ ಮಾತು ತೆಗೆದವರು ನೀವು, ನನ್ನದೂ ಒಂದು ಇದೆ. ಕೇಳಿ. ನಮ್ಮ ಬಜಾರಿನಲ್ಲಿ ಮಾತು ನಡೆದಿದೆ: 'ಉದಗೀರದಾಕಿ ಊರೂರು ತಿರುಗಿ ಕನ್ನಡದ ಹಾಡ ಎಣಿಸ್ಲತ್ಯಾಳ. ನಾಳಿ ಗಡಿ ಕೇಸಿಗಿ ಕೊಡ್ತಾಳ ನೋಡು.' ಆಳಂದದಿಂದ ಬಂದು ಮೂರು ತಲೆಮಾರು ಇಲ್ಲಿ ಬಟ್ಟೆ ಮಾರಿ ಬದುಕಿದವರು ನಾವು. ಅಂಗಡಿಗೆ ಬರುವವರು ಮರಾಠಿಯವರು, ಮನೆಯಲ್ಲಿ ಮಾತು ಕನ್ನಡ. ಯಾವ ಕಡೆಯವನು ಎಂದು ಇಷ್ಟು ದಿನ ಯಾರೂ ನನ್ನನ್ನು ಕೇಳಿರಲಿಲ್ಲ. ಹಂಗೇರಿಯವರಿಗೆ ನಮ್ಮ ಬೀಸುಕಲ್ಲು ಯಾಕೆ ಬೇಕಾಯಿತು ಎಂದು ನೀವೂ ಒಮ್ಮೆ ಸಹಿ ಹಾಕಿ ಬರೆದು ಕಳಿಸುತ್ತೀರಾ?

ಆಯಿಗೆ ಇದಾವುದೂ ಗೊತ್ತಿಲ್ಲ. ತನ್ನ ಹಾಡು ಪರದೇಶದವರು ಕೇಳುತ್ತಾರೆ ಎಂದು ಇಲಕಲ್ಲ ಸೀರೆ ತೆಗೆದಿಟ್ಟಿದ್ದಾಳೆ. ಕೇಳುವವರಿಗೆ ಇವಳು ಕಾಣುವುದಿಲ್ಲ, ಫೋಟೊ ಮಾತ್ರ ಎಂದರೆ ನಂಬುವುದಿಲ್ಲ.

ನಿಮ್ಮವ
ಗುರುಶಾಂತ (ಸಹಿ ಇದೇ)


ಉದಗೀರ
29 ನವೆಂಬರ್ 2025

ಗುರುಶಾಂತ ಅವರಿಗೆ,

ಸಪನಾ ಯಾರೋ ಸರಿಯಾಗಿ ಗೊತ್ತಿಲ್ಲ ಎಂದಿರಿ. ಕುಟುಂಬದವರ ಜೊತೆ ಫೋನಿನಲ್ಲಿ ಮಾತಾಡಿಯೇ ಖಚಿತ ಮಾಡಿಕೊಂಡೆವು ಎಂದು ಅವರು ಈಗ ಮತ್ತೆ ನನಗೆ ಬರೆದಿದ್ದಾರೆ. ಉಮರಗಾದ ನಂಬರ್ ಎಂದು ನಾನು ಕೊಟ್ಟದ್ದು ನಿಮ್ಮದೊಂದೇ. ಅಂದರೆ ಹೇಳಿದವರು ನೀವೇ. ನನಗೆ ಒಂದು ಹೇಳಿ ಅವರಿಗೆ ಇನ್ನೊಂದು ಹೇಳಿದಿರಿ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರು ಬರೆದದ್ದು ಇದು: ಗುರುಶಾಂತ ಅವರ ತಾಯಿ 1993ರ ಭೂಕಂಪದಲ್ಲೇ ತೀರಿಕೊಂಡಿದ್ದಾರೆ, ಆದ್ದರಿಂದ ಹೋದ ವರ್ಷ ಅವರು ಹಾಡಿದರು ಎಂಬುದು ಸಾಧ್ಯವಿಲ್ಲ. ನಾನು ನಂಬಲಿಲ್ಲ. ನಿಲಂಗಾದಲ್ಲಿ ನನ್ನ ಗೆಳತಿ ವಿಜಯಶ್ರೀ ಇದ್ದಾಳೆ, ಅವಳ ತವರು ಸಾಸ್ತೂರ. ಅವಳನ್ನು ಕೇಳಿದೆ. 'ಹೌದವ್ವಾ, ಉಮರಗಾದ ಬಟ್ಟಿ ಅಂಗಡಿಯವ್ರ ಸೊಸಿ. ತವರಿಗಿ ಬಂದಾಗ ಗ್ವಾಡಿ ಬಿದ್ದು ಹೋದಳು. ಸಣ್ಣ ಮಗ ಒಬ್ಬ ಇದ್ದ, ಉಮರಗಾದಾಗೇ ಇದ್ದಿದಕ ಉಳದ' ಎಂದಳು. ಆ ಸಣ್ಣ ಮಗ ನೀವೇ ಅಲ್ಲವೇ?

ಹಾಗಿದ್ದರೆ ಅಂದು ನನ್ನ ಮುಂದೆ ಕೂತು ಹಾಡಿದ ಮುದುಕಿ ಯಾರು? ಪಕ್ಕದ ಮನೆಯವರೇ? ಯಾರನ್ನೋ ಕರೆತಂದು ಕೂರಿಸಿದಿರಾ? ಸತ್ತ ತಾಯಿಯ ಹೆಸರು ಹೇಳಿ ಯಾರಾದರೂ ಹೀಗೆ ಮಾಡುತ್ತಾರೆಯೇ? ಗಡಿ ಕೇಸಿನ ಮಾತನ್ನು ನೀವು ಸುಮ್ಮನೆ ತೆಗೆದಿರಲಾರಿರಿ ಎಂದು ಈಗ ಅನ್ನಿಸುತ್ತಿದೆ. ನನ್ನ ಭಾಷಣ ನಡೆಯುವುದು ನಿಮಗೆ ಬೇಡವಾಗಿತ್ತು. ಅದನ್ನು ನೆಟ್ಟಗೆ ಹೇಳಬಹುದಿತ್ತು.

ಡಿಸೆಂಬರ್ 8ರೊಳಗೆ ನಿಮ್ಮ ಉತ್ತರ ನನ್ನ ಕೈಯಲ್ಲಿ ಇಲ್ಲದಿದ್ದರೆ, ನನಗೆ ಮೋಸವಾಗಿದೆ ಎಂದು ಸಮ್ಮೇಳನಕ್ಕೆ ಬರೆಯುವುದು ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ.

ಸುಗಂಧಾ


ಉಮರಗಾ
4 ಡಿಸೆಂಬರ್ 2025

ಮೇಡಂ ಅವರಿಗೆ,

ಪತ್ರ ಬಂದ ದಿನವೇ ಫೋನ್ ಹಚ್ಚಿದೆ. ರಿಂಗಾಗದೆಯೇ ಕಡಿಯುತ್ತದೆ. ಬ್ಲಾಕ್ ಮಾಡಿದ್ದೀರಿ ಎಂದು ಎದುರಿನ ಔಷಧಿ ಅಂಗಡಿಯ ಶೈಲೇಶ ತಿಳಿಸಿಕೊಟ್ಟ. ಎರಡು ದಿನ ಸಿಟ್ಟಿನಲ್ಲಿ ಏನೂ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ನನ್ನ ಅವ್ವ ಸತ್ತದ್ದು ನಿಜ. ಗಣಪತಿ ಕಳಿಸಿದ ಮಾರನೆಯ ಬೆಳಗಾಗುವುದರೊಳಗೆ ಸಾಸ್ತೂರಿನಲ್ಲಿ ಸತ್ತಳು. ನಿಮ್ಮ ಮುಂದೆ ಹಾಡಿದವಳು ನನ್ನ ಅವ್ವನಲ್ಲ, ನನ್ನ ಆಯಿ. ನನ್ನ ಅಪ್ಪನ ತಾಯಿ. ನಮ್ಮ ಆಳಂದದ ಕಡೆ ಹೆತ್ತವಳಿಗೆ ಅವ್ವ ಅನ್ನುತ್ತೇವೆ, ಅಜ್ಜಿಗೆ ಆಯಿ ಅನ್ನುತ್ತೇವೆ. ಮರಾಠಿಯವರು ಹೆತ್ತವಳಿಗೇ ಆಯಿ ಅನ್ನುತ್ತಾರೆ. ನೀವು ಉದಗೀರದಲ್ಲಿ ಮರಾಠಿ ಸಾಲೆ ಕಲಿತವರು. ನಾನು ಕನ್ನಡದಲ್ಲಿ ಹೇಳಿದ್ದನ್ನು ನೀವು ಮರಾಠಿಯಲ್ಲಿ ಕೇಳಿಸಿಕೊಂಡಿರಿ. ಗಡಿಯ ಮಾತಿನ ಮೇಲೆ ಭಾಷಣ ಮಾಡುವವರು ನೀವು!

ಇನ್ನು ಸಪನಾ ಅವರ ಮಾತು. ಮುಚ್ಚಿಟ್ಟದ್ದು ಹೌದು. ದೀಪಾವಳಿ ಮುಗಿದ ವಾರ ಒಂದು ಫೋನ್ ಬಂತು, ಮರಾಠಿಯಲ್ಲಿ. 'ತುಮಚೀ ಆಯೀ ಕ್ಯಾಮೆರ‍್ಯಾಸಮೋರ ಬಸತೀಲ ಕಾ?' ಎಂದರು, ನಿಮ್ಮ ತಾಯಿ ಕ್ಯಾಮೆರಾ ಮುಂದೆ ಕೂರುತ್ತಾರೆಯೇ ಎಂದು. ಮರಾಠಿಯಲ್ಲಿ ಕೇಳಿದವರಿಗೆ ಮರಾಠಿಯಲ್ಲೇ ಹೇಳಿದೆ: 'ಆಯೀ ಭೂಕಂಪಾತ ಗೇಲೀ.' ತಾಯಿ ಭೂಕಂಪದಲ್ಲಿ ಹೋದಳು. ಹೇಳಿ ಫೋನ್ ಇಟ್ಟುಬಿಟ್ಟೆ. ಯಾರು, ಯಾಕೆ ಎಂದು ಕೇಳಲಿಲ್ಲ. ಅವ್ವನ ಮಾತು ಬಂದರೆ ನನಗೆ ಮುಂದೆ ಮಾತಾಡಲು ಬರುವುದಿಲ್ಲ. ನಿಮ್ಮ ಪತ್ರ ಬಂದಾಗ ಆ ಫೋನು ನೆನಪಾಯಿತು, ಆದರೆ ಅವ್ವನನ್ನು ಮತ್ತೆ ಎಳೆದು ತರುವುದು ಬೇಡವೆಂದು ಗೊತ್ತಿಲ್ಲ ಎಂದು ಬರೆದೆ. ಅಷ್ಟೇ ನನ್ನ ಸುಳ್ಳು. ನಿಮ್ಮ ಮೇಲೆ ದೂರು ಕೊಟ್ಟವನು ನಾನೇ ಆದೆ, ಕೊಟ್ಟೆನೆಂದು ನನಗೇ ತಿಳಿಯದೆ.

ಸಪನಾ ಅವರಿಗೆ ನಾನೇ ಇದನ್ನು ಹೇಳಬಹುದು. ಹೇಳುವುದಿಲ್ಲ. ತಪ್ಪು ತಿಳಿದವರು ನೀವು, ತಿದ್ದುವವರೂ ನೀವೇ ಆಗಬೇಕು.

ನಿಮ್ಮ ಕೈಗೇ ಕೊಡಬೇಕೆಂದು ಹೇಳಿ ಸ್ಪೀಡ್ ಪೋಸ್ಟ್ ಮಾಡಿದ್ದೇನೆ.

ಗುರುಶಾಂತ


ನಿಲಂಗಾ
14 ಡಿಸೆಂಬರ್ 2025

ಗುರುಶಾಂತ ಅವರಿಗೆ,

ನೀವು ಉತ್ತರಿಸಲಿಲ್ಲ. ಉತ್ತರಿಸದೆ ಇದ್ದದ್ದನ್ನೇ ಉತ್ತರವೆಂದು ತಿಳಿದೆ.

ಉದಗೀರದಲ್ಲಿ ನಮ್ಮ ಓಣಿಯ ರಸ್ತೆ ಅಗೆದು ನೆಟ್ಟಿನ ಕೇಬಲ್ಲು ತುಂಡಾಗಿದೆ. ಆದ್ದರಿಂದ 6ನೇ ತಾರೀಖಿನ ಅಂಚೆಯವರೆಗೆ ಕಾದು ವಿಜಯಶ್ರೀಯ ಮನೆಗೆ ಬಂದುಬಿಟ್ಟೆ. 8ಕ್ಕೆ ಸಮ್ಮೇಳನದವರಿಗೆ ಬರೆದೆ. ನಿನ್ನೆ ಭಾಷಣ ಮಾಡಿದೆ. ನಿಮ್ಮ ಮನೆಯ ಪದದ ಮೊದಲ ಸಾಲು ಕೇಳಿಸಿ, ನಿಲ್ಲಿಸಿ, ಆ ಮುದುಕಿಯ ಫೋಟೊದ ಮೇಲೆ ಕೆಂಪು ಗೆರೆ ಎಳೆದು ತೋರಿಸಿದೆ. ಮಾಹಿತಿ ಕೊಟ್ಟವರು ಬೇರೆ ಯಾರನ್ನೋ ತಾಯಿ ಎಂದು ಕೂರಿಸಿ ನನ್ನನ್ನು ನಂಬಿಸಿದರು, ಆದ್ದರಿಂದ ಇದನ್ನು ಅಧ್ಯಯನದಿಂದ ತೆಗೆದಿದ್ದೇನೆ ಎಂದೆ. ನಿಮ್ಮ ಹೆಸರನ್ನೂ ಹೇಳಬೇಕಾಯಿತು.

ಇಷ್ಟು ಪ್ರಾಮಾಣಿಕತೆ ಅಪರೂಪ ಎಂದು ಹಂಗೇರಿಯ ಪ್ರೊಫೆಸರು ಹೊಗಳಿದರು. ಸಂದರ್ಶನದ ಸಮಿತಿಯಲ್ಲಿರುವ ನಮ್ಮ ಪ್ರಾಚಾರ್ಯರೂ ಕೇಳುತ್ತಿದ್ದರು. ನೀಲೇಶನೇ ಚಪ್ಪಾಳೆಯ ಚಿತ್ರ ಕಳಿಸಿದ. ಭಾಷಣದ ನಡುವೆ ನಿಮ್ಮ ಅಂಗಡಿಯ ಹೆಸರಿನ ಒಂದು ಕಿಟಕಿ ಕಂಡಿತು, ಕ್ಯಾಮೆರಾ ಮುಚ್ಚಿತ್ತು. ಕೆಂಪು ಗೆರೆ ಎಳೆದ ಮೇಲೆ ನೋಡಿದೆ, ಇರಲಿಲ್ಲ. ಎದುರಿಸಲಾರದೆ ಹೋದಿರಿ ಎಂದುಕೊಂಡೆ.

ಇನ್ನು ನಮ್ಮ ನಡುವೆ ಪತ್ರಗಳು ಬೇಕಿಲ್ಲ.

ಸುಗಂಧಾ


ಉದಗೀರ
16 ಡಿಸೆಂಬರ್ 2025

ಗುರುಶಾಂತ,

ಇಂದು ಮನೆಯ ಬೀಗ ತೆಗೆಯುತ್ತಿದ್ದೆ, ಅಂಚೆಯವನು ಬಂದ. 'ಎಷ್ಟು ಸಲಾ ಬಂದು ಹೋದೆ ಮ್ಯಾಡಂ, ಕುಲುಪ ಇತ್ತು' ಎಂದು ನಿಮ್ಮ ಪತ್ರ ಕೈಗಿಟ್ಟ. ಬಾಗಿಲಲ್ಲೇ ನಿಂತು ಓದಿದೆ. ಒಳಗೆ ಹೋಗಿ ಕೂತು ಮತ್ತೆ ಓದಿದೆ.

ನನ್ನನ್ನು ಹೆತ್ತವಳನ್ನು ನಾನು ಆಯಿ ಎಂದೇ ಕರೆದವಳು. ಕನ್ನಡದಲ್ಲಿ ಜಗಳವಾಡುವಾಗಲೂ ಆಯಿ ಎಂದೇ. ನೀವು ಆ ಮಾತು ಹೇಳಿದಾಗ ಬೇರೆ ಅರ್ಥ ಇರಬಹುದೆಂದು ಒಂದು ಚಣವೂ ಹೊಳೆಯಲಿಲ್ಲ. ವಯಸ್ಸಾದವಳು ಎಂದು ಕಂಡಿತ್ತು, ತಡವಾಗಿ ಹುಟ್ಟಿದ ಮಗನಿರಬೇಕು ಎಂದುಕೊಂಡೆ. ಇಷ್ಟು ವರ್ಷ ಹಳ್ಳಿಹಳ್ಳಿ ತಿರುಗಿ ಕಲಿತದ್ದು ಇಷ್ಟೇ ನೋಡಿ.

ನಿಮ್ಮ ನಂಬರಿನ ಬ್ಲಾಕ್ ತೆಗೆದು ಫೋನ್ ಹಚ್ಚಿದೆ. ನೀವು ಎತ್ತುತ್ತಿಲ್ಲ. ಅದು ನಿಮ್ಮ ಹಕ್ಕು.

ಸಪನಾ ಅವರಿಗೆ ನಿಜ ಬರೆದಿದ್ದೇನೆ, ಆದರೆ ಕಳಿಸಿಲ್ಲ. ನಿಮಗಾದರೂ ನಾನು ಸುಳ್ಳು ಹೇಳಬಾರದೆಂದು ಇದನ್ನೂ ತಿಳಿಸುತ್ತಿದ್ದೇನೆ. 29ಕ್ಕೆ ಸಂದರ್ಶನ. 'ಆಯಿ' ಎಂಬ ಮಾತಿನ ಅರ್ಥ ತಿಳಿಯದವಳು ಗಡಿಯ ಮಾತು ಕಲಿಸುತ್ತಾಳೆಯೇ ಎಂದು ಪ್ರಾಚಾರ್ಯರು ಕೇಳಿದರೆ ಹುದ್ದೆ ನೀಲೇಶನ ಪಾಲು. ಅದು ಮುಗಿದ ಮಾರನೆಯ ದಿನ ಎಲ್ಲರಿಗೂ ಬರೆಯುತ್ತೇನೆ, ಆಣೆ ಮಾಡಿ ಹೇಳುತ್ತೇನೆ. ಅಲ್ಲಿಯವರೆಗೆ ತಡೆದುಕೊಳ್ಳುತ್ತೀರಾ? ಕೇಳುವ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಸುಗಂಧಾ


ಉಮರಗಾ
20 ಡಿಸೆಂಬರ್ 2025

ಮೇಡಂ,

13ರಂದು ನಮ್ಮ ಅಂಗಡಿಯಲ್ಲಿ ಏನಾಯಿತು ಎಂಬುದನ್ನು ಬರೆಯುತ್ತೇನೆ. ತಡೆದುಕೊಳ್ಳುವುದೋ ಬಿಡುವುದೋ ನೀವೇ ನೋಡಿ.

ನನ್ನ ಪತ್ರ ಮುಟ್ಟಿರುತ್ತದೆ, ಎಲ್ಲ ಸರಿಹೋಗಿರುತ್ತದೆ ಎಂದುಕೊಂಡು, ನೀವು ಮೊದಲೇ ಕಳಿಸಿದ್ದ ಲಿಂಕ್ ತೆರೆದು ಫೋನನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿದ್ದೆ. ಆಯಿ ಇಲಕಲ್ಲ ಸೀರೆ ಉಟ್ಟು ಕುರ್ಚಿಯ ಮೇಲೆ ಕೂತಿದ್ದಳು. ಬಜಾರಿನ ಏಳೆಂಟು ಜನ ಹೆಂಗಸರನ್ನು ಅವಳೇ ಕರೆದಿದ್ದಳು. ಅವಳ ದನಿ ಬಂತು, ಎಲ್ಲರೂ ನಕ್ಕರು. ಒಂದು ಸಾಲಿಗೇ ನಿಂತಿತು. ಫೋಟೊ ಬಂತು, ಅದರ ಮೇಲೆ ಕೆಂಪು ಗೆರೆ ಬಂತು. ಇಂಗ್ಲಿಷು ಅವಳಿಗೆಲ್ಲಿ ತಿಳಿಯಬೇಕು? 'ಯಾಕ ಗೆರಿ ಹೊಡದರು? ನಾ ಸತ್ತೀನಂತ ತಿಳಕೊಂಡಾರೇನು?' ಎಂದು ಕೇಳಿದಳು. ಶೈಲೇಶ ಅಲ್ಲೇ ನಿಂತಿದ್ದ, ಬಾಯಿ ತಪ್ಪಿ ಹೇಳಿಬಿಟ್ಟ: 'ಈ ಮುದುಕಿ ಖೋಟಾ ಅಂತ ಅನ್ಲತ್ತಾರ.' ನಾನು ಫೋನ್ ಆರಿಸಿದೆ. ಎದುರಿಸಲಾರದೆ ಅಲ್ಲ.

ಅವ್ವ ಸತ್ತ ಮೇಲೆ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು ಅವಳು. ಈಗ ಬಜಾರಿನಲ್ಲಿ 'ಆಕಿ ಇವರಿಗಿ ಏನಾಗ್ಬೇಕು?' ಎಂದು ನಗುತ್ತ ಕೇಳುವವರಿದ್ದಾರೆ. ನಿನ್ನೆ ಎಳ್ಳಮಾವಾಸ್ಯೆ. ಆಯಿ ಹೊಲಕ್ಕೆ ಬರಲಿಲ್ಲ. ಇಷ್ಟು ವರ್ಷದಲ್ಲಿ ಅವಳಿಲ್ಲದೆ ಭೂತಾಯಿಗೆ ಎಡೆ ತೂರಿ ಚರಗ ಚೆಲ್ಲಿದ್ದು ಇದೇ ಮೊದಲು. ಮೊಸರಿನ ಅಂಬಲಿಯ ಗಡಿಗೆಯನ್ನು ತುಂಬಿದಂತೆಯೇ ಮನೆಗೆ ತಂದೆ.

ಸಂದರ್ಶನ ಮುಗಿದ ಮಾರನೆಯ ದಿನ ಬರೆಯುತ್ತೀರಿ. ಹುದ್ದೆ ಸಿಕ್ಕರೆ ಕಾಯಂ ಆಗುವವರೆಗೆ ತಡೆಯಿರಿ ಎನ್ನುತ್ತೀರಿ. ಸಿಗದಿದ್ದರೆ ಮುಂದಿನ ಸಂದರ್ಶನದವರೆಗೆ. ನಾನು ನಂಬುವುದಿಲ್ಲ.

ಗುರುಶಾಂತ


ಉದಗೀರ
28 ಡಿಸೆಂಬರ್ 2025

ಗುರುಶಾಂತ ಅವರಿಗೆ,

ನೀವು ನಂಬದಿದ್ದದ್ದು ಸರಿಯೇ. ನನಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ.

ನಿನ್ನೆ ಸಮ್ಮೇಳನದ ಕೊನೆಯ ಸಭೆ. ಎಲ್ಲರೂ ಎಲ್ಲರಿಗೂ ಧನ್ಯವಾದ ಹೇಳುತ್ತಿದ್ದರು. ಕೈ ಎತ್ತಿದೆ. ಸಪನಾ ಎರಡು ನಿಮಿಷ ಕೊಟ್ಟರು. ಗೆರೆಯಿಲ್ಲದ ಫೋಟೊ ಹಾಕಿದೆ. ಇವರು ಚಂದ್ರಭಾಗಾಬಾಯಿ, ಗುರುಶಾಂತ ಅವರ ಅಜ್ಜಿ. ಗುರುಶಾಂತ ನಿಜವನ್ನೇ ಹೇಳಿದ್ದರು, ಒಂದು ಮಾತನ್ನು ತಪ್ಪಾಗಿ ಕೇಳಿಸಿಕೊಂಡವಳು ನಾನು, ಅವರ ಮೇಲೆ ಮೋಸದ ಆರೋಪ ಹೊರಿಸಿದವಳೂ ನಾನು ಎಂದೆ. ಆಮೇಲೆ ಪದವನ್ನು ಪೂರ್ತಿ ಕೇಳಿಸಿದೆ. ಹಂಗೇರಿಯ ಪ್ರೊಫೆಸರು ಮ್ಯೂಟ್ ತೆಗೆದರು, ಮತ್ತೆ ಹಾಕಿಕೊಂಡರು. ನೀಲೇಶ ಮಾತ್ರ ಎಲ್ಲರಿಗೂ ಕೇಳುವಂತೆ ಅಂದ: 'ಮ್ಯಾಡಂ, ಆಯೀ ಆಣಿ ಆಜೀ, ಏವಢಂ ಪಣ ಕಳಲಂ ನಾಹೀ?' ತಾಯಿ ಯಾರು ಅಜ್ಜಿ ಯಾರು, ಅಷ್ಟೂ ತಿಳಿಯಲಿಲ್ಲವೇ ಎಂದು. ಪ್ರಾಚಾರ್ಯರು ಕ್ಯಾಮೆರಾ ಮುಚ್ಚಿಕೊಂಡರು.

ನಾಳೆ ಸಂದರ್ಶನಕ್ಕೆ ಹೋಗುತ್ತೇನೆ. ಏನಾಗುತ್ತದೆ ಎಂದು ಗೊತ್ತಿದೆ, ಆದರೂ ಹೋಗುತ್ತೇನೆ. ಹೊಟ್ಟೆ ಉರಿಯುತ್ತಿಲ್ಲ ಎಂದರೆ ಸುಳ್ಳಾದೀತು. ಉರಿಯುತ್ತಿದೆ.

ನಿಮ್ಮ ಅಂಗಡಿಯ ಕಿಟಕಿ ನಿನ್ನೆ ಕಾಣಲಿಲ್ಲ. ನೀವು ಕೇಳಿದಿರೋ ಇಲ್ಲವೋ ತಿಳಿಯದು. ಕೇಳಿಲ್ಲದಿದ್ದರೆ ಈ ಪತ್ರವನ್ನು ಆಯಿಗೆ ಓದಿ ಹೇಳಿ. ಅವರು ಕ್ಷಮಿಸಿದರೆ ಸಾಕು.

ಸುಗಂಧಾ


ಉಮರಗಾ
2 ಜನವರಿ 2026

ಸುಗಂಧಕ್ಕನವರಿಗೆ,

ಕೇಳಿದೆ. ಶೈಲೇಶನ ಫೋನಿನಿಂದ, ಅವನ ಹೆಸರಿನಲ್ಲಿ ಬಂದಿದ್ದೆ. ನೀವು ಬಾಯಿ ಬಿಡದೆ ಸಭೆ ಮುಗಿಸಿದರೆ ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ನಾಲ್ಕು ಸಾಲು ಇಂಗ್ಲಿಷಿನಲ್ಲಿ ಅವನಿಂದ ಬರೆಸಿ ಇಟ್ಟುಕೊಂಡಿದ್ದೆ. ಬೆರಳು ಗುಂಡಿಯ ಮೇಲೇ ಇತ್ತು. ನೀವು ಕೈ ಎತ್ತಿದಾಗಲೂ ತೆಗೆಯಲಿಲ್ಲ. ಪದ ಪೂರ್ತಿ ಮುಗಿದ ಮೇಲೆ ಅಳಿಸಿದೆ. ಇದನ್ನು ನಿಮಗೆ ಹೇಳದೆ ಇರುವುದು ನ್ಯಾಯವಲ್ಲ.

ಸಂದರ್ಶನ ಏನಾಯಿತೋ ನೀವು ಬರೆದಿಲ್ಲ. ನಾನೂ ಕೇಳುವುದಿಲ್ಲ. ಆ ಪ್ರಾಚಾರ್ಯರ ಮುಚ್ಚಿದ ಕಿಟಕಿ ನಾನೂ ನೋಡಿದೆ. ನೋಡಿ ಸಂಕಟವಾಯಿತು.

ಆಯಿ ಪಕ್ಕದಲ್ಲೇ ಕೂತಿದ್ದಳು, ಈ ಸಲ ಮನೆಯ ಸೀರೆಯಲ್ಲಿ. ಫೋಟೊ ಮತ್ತೆ ಬಂದಾಗ ಬಾಗಿ ನೋಡಿದಳು. 'ಈಗೇನಂತಾಳ ಆಕಿ?' ಎಂದಳು. 'ತಪ್ಪಾತು ಅಂತಾಳ ಆಯಿ. ಎಲ್ಲಾರ ಮುಂದ ಹೇಳ್ಲತ್ಯಾಳ' ಎಂದೆ. 'ಎಲ್ಲಾರಂದ್ರ ಯಾರು?' ಎಂದಳು. ಹಂಗೇರಿಯವರು, ನೇಪಾಳದವರು, ಎಲ್ಲೆಲ್ಲಿಯವರೋ ಎಂದು ಹೇಳಿದೆ. ನಿನ್ನೆ ನಿಮ್ಮ ಪತ್ರ ಬಂತು. ಅದನ್ನೂ ಓದಿ ಹೇಳಿದೆ, ಕ್ಷಮಿಸಬೇಕಂತೆ ಎಂದೆ. ಆಮೇಲೆ ಅವಳು ಅಂದದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

'ಅಷ್ಟ ದೂರದವ್ರಿಗಿ ಹೇಳ್ಯಾಳ. ಕಾಗದದಾಗ ನಿನಗೂ ಹೇಳ್ಯಾಳ. ಗೆರಿ ಹೊಡದದ್ದು ನನ್ನ ಮಾರಿ ಮ್ಯಾಲ. ನನ್ನ ಮುಂದ ಎಲ್ಲಿ ಹೇಳ್ಯಾಳ? ಉಮರಗಾ ಆಕಿಗಿ ಏನ್ ಪರದೇಸ ಅದ?'

ಇದಕ್ಕೆ ಉತ್ತರ ಕಾಗದದಲ್ಲಿ ಕಳಿಸಬೇಡಿ.

ಗುರುಶಾಂತ